ಕೂಲಿ ಸಿಗುತ್ತದೆ, ಕೆಲಸ ಸಿಗುವುದಿಲ್ಲ: ಜತ್ತ ಸೀಮೆಯ ದ್ರಾಕ್ಷಿ ಪಡದಿಂದ ಬಂದ ಒಂದು ಪ್ರಶ್ನೆ

ಪ್ರಶ್ನೆ: ನಮ್ಮದು ಸಾಂಗ್ಲಿ ಜಿಲ್ಲೆ ಜತ್ತ ತಾಲ್ಲೂಕಿನ ಒಂದು ಹಳ್ಳಿ. ಹತ್ತನೇ ತರಗತಿವರೆಗೆ ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ಮರಾಠಿಯಲ್ಲಿ ಕೃಷಿ ಡಿಪ್ಲೊಮಾ ಮುಗಿಸಿದ್ದೇನೆ. ಮನೆಗೆ ಮೂರು ಎಕರೆ ಹೊಲ. ಒಂದು ಎಕರೆಯಲ್ಲಿ ದ್ರಾಕ್ಷಿ ಇದೆ, ಉಳಿದದ್ದು ಮಳೆ ಆಶ್ರಿತ. ಅವ್ವ ಬೇರೆಯವರ ಪಡಕ್ಕೆ, ಅಂದರೆ ದ್ರಾಕ್ಷಿ ತೋಟಕ್ಕೆ, ಕೂಲಿಗೆ ಹೋಗುತ್ತಾಳೆ. ಅಣ್ಣ ಪ್ರತಿ ವರ್ಷ ಕಬ್ಬು ಕಡಿಯಲು ಗ್ಯಾಂಗಿನ ಜೊತೆ ಹೋಗುತ್ತಾನೆ. ಹಣ್ಣಿನ ಬೆಳೆ ಊರಿಗೆಲ್ಲ ಉದ್ಯೋಗ ಕೊಡುತ್ತದೆ ಅಂತಾರೆ. ನಮ್ಮ ಮನೆಯಲ್ಲಿ ನೋಡಿದರೆ ಕೂಲಿ ಸಿಗುತ್ತದೆ, ಕೆಲಸ ಸಿಗುವುದಿಲ್ಲ. ಇನ್ನೊಂದು ಎಕರೆಗೆ ದಾಳಿಂಬೆ ಹಚ್ಚಿದರೆ ಅಣ್ಣ ಊರಲ್ಲೇ ಉಳಿಯಬಹುದೇ? ನಾನು ಪುಣೆಗೆ ಹೋಗಿ ನೌಕರಿ ಹುಡುಕುವುದು ಒಳ್ಳೆಯದೋ, ಇಲ್ಲೇ ಏನಾದರೂ ಇದೆಯೋ?

ಉತ್ತರ: 'ಕೂಲಿ ಸಿಗುತ್ತದೆ, ಕೆಲಸ ಸಿಗುವುದಿಲ್ಲ' ಎಂಬ ನಿಮ್ಮ ಮಾತನ್ನು ಎರಡು ಸಲ ಓದಿದೆ. ಇಪ್ಪತ್ತೈದು ವರ್ಷ ಜತ್ತ, ಕವಠೆ ಮಹಾಂಕಾಳ, ತಿಕೋಟಾ, ಅಥಣಿ ಕಡೆಯ ಪಡಗಳಲ್ಲಿ ಓಡಾಡಿ ಸಲಹೆ ಕೊಟ್ಟವನು ನಾನು. ಅಷ್ಟು ವರ್ಷದಲ್ಲಿ ನನಗೆ ತಿಳಿದದ್ದೂ ಇದೇ. ನೀವು ಅದನ್ನು ಒಂದು ಸಾಲಿನಲ್ಲಿ ಹೇಳಿಬಿಟ್ಟಿದ್ದೀರಿ. ಆದ್ದರಿಂದ ಸುಮ್ನೆ ಧೈರ್ಯ ಹೇಳುವ ಬದಲು ಲೆಕ್ಕ ಹಾಕಿ ಹೇಳುತ್ತೇನೆ.

ಒಂಬತ್ತು ಅಡಿ, ಐದು ಅಡಿ ಅಂತರದಲ್ಲಿ ಹಚ್ಚಿದರೆ ಒಂದು ಎಕರೆಗೆ ಸುಮಾರು 968 ಬಳ್ಳಿ ಕೂರುತ್ತವೆ. ಒಂದು ಬಳ್ಳಿಗೆ 30 ಗೊಂಚಲು ಬಿಟ್ಟರೂ ಎಕರೆಗೆ ಇಪ್ಪತ್ತೊಂಬತ್ತು ಸಾವಿರ ಗೊಂಚಲು. ಪೇಟೆಗೆ ಕಳಿಸುವ ಒಳ್ಳೆಯ ಹಣ್ಣು ಬೇಕಾದರೆ ಪ್ರತಿ ಗೊಂಚಲಿಗೂ ಕೈ ಹಾಕಬೇಕು. ಒಂದು ಗೊಂಚಲಿನ ಕಾಯಿ ತೆಳುಗೊಳಿಸಲು, ಅಂದರೆ ಥಿನ್ನಿಂಗಿಗೆ, ಒಂದೇ ನಿಮಿಷ ಅಂತ ಹಿಡಿಯಿರಿ. ಅಷ್ಟಕ್ಕೇ 480 ತಾಸು ಮೀರುತ್ತದೆ. ದಿನಕ್ಕೆ ಎಂಟು ತಾಸಿನಂತೆ 60 ಆಳು. ಇದು ಒಂದೇ ಒಂದು ಕೆಲಸದ ಲೆಕ್ಕ. ಚಾಟ್ನಿ (ಕಡ್ಡಿ ಕತ್ತರಿಸುವುದು), ಪೇಸ್ಟ್ ಹಚ್ಚುವುದು, ಕುಡಿ ತೆಗೆಯುವುದು, ಕಡ್ಡಿ ಕಟ್ಟುವುದು, ಗೊಂಚಲನ್ನು ಔಷಧಿಯಲ್ಲಿ ಅದ್ದುವುದು (ಡಿಪ್ಪಿಂಗ್), ಕೊಯ್ಲು, ಪ್ಯಾಕಿಂಗ್ ಎಲ್ಲ ಬೇರೆ. ಜೋಳ, ತೊಗರಿಯ ಒಂದು ಎಕರೆಗೆ ಇಷ್ಟು ಕೈ ಯಾವ ಕಾಲಕ್ಕೂ ಬೇಕಾಗುವುದಿಲ್ಲ. ಹಾಗಾಗಿ 'ಹಣ್ಣಿನ ಬೆಳೆ ಉದ್ಯೋಗ ಕೊಡುತ್ತದೆ' ಎಂಬ ಮಾತು ಸುಳ್ಳಲ್ಲ.

ತೊಂದರೆ ಇರುವುದು ಕ್ಯಾಲೆಂಡರಿನಲ್ಲಿ. ನಮ್ಮ ಕಡೆ ಬಳ್ಳಿಗೆ ವರ್ಷಕ್ಕೆ ಎರಡು ಚಾಟ್ನಿ. ಏಪ್ರಿಲ್‌ನಲ್ಲಿ ಕಡ್ಡಿಯನ್ನು ಗಿಡ್ಡಗೆ ಕತ್ತರಿಸಿ ಹೊಸ ಕಡ್ಡಿ ಬರಿಸುತ್ತೇವೆ. ಅಕ್ಟೋಬರ್ ಹೊತ್ತಿಗೆ ಹಣ್ಣಿಗಾಗಿ ಕತ್ತರಿಸುತ್ತೇವೆ. ಅಕ್ಟೋಬರ್ ಚಾಟ್ನಿ ಊರಿನ ಎಲ್ಲ ಪಡಗಳಲ್ಲೂ ಎರಡು ಮೂರು ವಾರದೊಳಗೆ ನಡೆಯುತ್ತದೆ. ಅದರ ಹಿಂದೆಯೇ ಪೇಸ್ಟ್, ಅದರ ಹಿಂದೆಯೇ ಕುಡಿ ತೆಗೆಯುವುದು, ಆಮೇಲೆ ಥಿನ್ನಿಂಗ್. ಎಲ್ಲರಿಗೂ ಅದೇ ವಾರ ಆಳು ಬೇಕು. ಮಾಲೀಕ ರಾತ್ರಿ ಎಂಟಕ್ಕೆ ಮನೆ ಮನೆಗೆ ಹೋಗಿ 'ನಾಳೆ ಬರ್ರಿ' ಎಂದು ಕೈಮುಗಿಯುತ್ತಾನೆ. ಅದೇ ಊರಲ್ಲಿ ಜುಲೈ, ಆಗಸ್ಟ್ ಬಂದರೆ ಕೂಲಿಗಾರರು ಕಟ್ಟೆಯ ಮೇಲೆ ಕೂತಿರುತ್ತಾರೆ. ಆಳಿನ ಕೊರತೆ ಮತ್ತು ಕೆಲಸದ ಕೊರತೆ ಒಂದೇ ಊರಲ್ಲಿ, ಒಂದೇ ಬೆಳೆಯಲ್ಲಿ, ಬೇರೆ ಬೇರೆ ತಿಂಗಳಲ್ಲಿ ಇರುತ್ತವೆ. ಅದಕ್ಕೇ ಮಾಲೀಕರು ಹೊರ ರಾಜ್ಯದ ಗ್ಯಾಂಗುಗಳನ್ನು ಕರೆಸಿ ಎಕರೆ ಲೆಕ್ಕದಲ್ಲಿ ಗುತ್ತಿಗೆ ಕೊಡುತ್ತಾರೆ. ಅದಕ್ಕೇ ನಿಮ್ಮ ಅಣ್ಣ ಕಬ್ಬಿಗೆ ಹೋಗುತ್ತಾನೆ.

ನಮ್ಮ ಭಾಗದಲ್ಲಿ ಹಣ್ಣು ಮತ್ತು ಉದ್ಯೋಗದ ನಂಟು ಹಳೆಯದು. ಮಹಾರಾಷ್ಟ್ರದ ರೋಜಗಾರ ಹಮಿ, ಅಂದರೆ ಉದ್ಯೋಗ ಖಾತ್ರಿ, ಯೋಜನೆಯ ಜನಕ ಎಂದು ಕರೆಯುವ ವಿ. ಸ. ಪಾಗೆ ಅವರು ಸಾಂಗ್ಲಿ ಜಿಲ್ಲೆಯವರೇ. 1972ರ ಬರದ ಕಾಲದಲ್ಲಿ ಬಂದ ಆ ಯೋಜನೆ ಲಕ್ಷಾಂತರ ಜನರ ಹೊಟ್ಟೆಗೆ ಆಸರೆಯಾಯಿತು. 1977ರಲ್ಲಿ ಅದಕ್ಕೆ ಕಾನೂನು ಬಂತು. 1990ರಿಂದ ಹಣ್ಣಿನ ಗಿಡ ಹಚ್ಚುವುದನ್ನೂ ಅದರೊಳಗೆ ಸೇರಿಸಿದರು. ಗುಂಡಿ ತೋಡುವ, ಗಿಡ ಹಚ್ಚುವ ಕೂಲಿ ರೈತನಿಗೆ ಹೊರೆಯಾಗದಂತೆ ಸರ್ಕಾರವೇ ಭರಿಸಿತು. ಸೋಲಾಪುರ, ಸಾಂಗ್ಲಿಯ ಒಣ ಸೀಮೆಯಲ್ಲಿ ದಾಳಿಂಬೆ, ಬೋರೆ, ಸೀತಾಫಲ ಹಬ್ಬಿದ್ದು ಹೀಗೆ. ಬರಗಾಲದ ಊರಿನಲ್ಲಿ ತೋಟ ಎಬ್ಬಿಸಲು ಹೊರಟದ್ದೇ ಜನರಿಗೆ ಕೆಲಸ ಸಿಗಲಿ ಎಂದು. ಗಿಡ ಹಚ್ಚುವ ಕೆಲಸ ಸಿಕ್ಕಿತು. ಗಿಡ ದೊಡ್ಡದಾದ ಮೇಲೆ ಅದರ ಸುತ್ತ ವರ್ಷವಿಡೀ ನಡೆಯಬೇಕಾದ ಕೆಲಸವನ್ನು ನಾವು ಊರಲ್ಲಿ ಉಳಿಸಿಕೊಳ್ಳಲಿಲ್ಲ. ನನಗೆ ಇಂದಿಗೂ ಬೇಸರ ಇರುವುದು ಅದಕ್ಕೆ.

ಈಗ ನಿಮ್ಮ ಅವ್ವನ ಕೆಲಸದ ಬಗ್ಗೆ ಹೇಳುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ಅದಕ್ಕೆ ಅರ್ಧ ಸಾಲು ಇದೆ. ನನಗೆ ಅದೇ ಮುಖ್ಯ.

ಸಂಖ ಎಂಬ ಊರಿನ ಹತ್ತಿರದ ಒಂದು ಪಡದಲ್ಲಿ ಮೊದಲ ಸಲ ರಫ್ತಿನ ದ್ರಾಕ್ಷಿಗೆ ಥಿನ್ನಿಂಗ್ ಮಾಡಿಸುವಾಗ ನಾನು ಅಳತೆ ಪಟ್ಟಿ ಹಿಡಿದು ಹೇಳಿಕೊಡುತ್ತಿದ್ದೆ. ವಯಸ್ಸಾದ ಒಬ್ಬ ತಾಯಿ ಸ್ವಲ್ಪ ಹೊತ್ತು ನೋಡಿ, ನನ್ನ ಕೈಯಿಂದ ಕತ್ತರಿ ತಗೊಂಡಳು. ಗೊಂಚಲನ್ನು ಎಡಗೈ ಬೆರಳ ಮೇಲೆ ಹಾಗೇ ತೂಗಾಡಲು ಬಿಟ್ಟು, 'ಸಾಹೇಬ್ರ, ಮ್ಯಾಲಿನ ಭುಜ ಹಂಗ ಇರಲಿ, ನಡುವಿನ ಕವಲ ಒಂದು ಬಿಟ್ಟು ಒಂದು ತಗೀಬೇಕು. ಇಲ್ಲಂದ್ರ ನಾಳೆ ಕಾಯಿ ದಪ್ಪಾದ ಮ್ಯಾಲ ಒಂದಕ್ಕೊಂದು ಒತ್ತಿ ಒಡೀತಾವ' ಎಂದಳು. ಮೂರು ಸಲ ಕತ್ತರಿ ಆಡಿಸಿದಳು. ಕಾಯಿ ಮುಟ್ಟಲಿಲ್ಲ. ಕಾಯಿಯ ಮೇಲಿನ ಬಿಳಿ ಪುಡಿ ಕೂಡ ಅಳಿಸಲಿಲ್ಲ. ಆ ಪುಡಿ ಅಳಿಸಿದರೆ ಹಣ್ಣಿನ ಹೊಳಪು ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಪುಸ್ತಕ ಓದಿದ ನನಗೆ ಆ ಕೈ ಇರಲಿಲ್ಲ.

ಇಂಥ ಕೈಗೆ ನಾವು ಕೊಡುವುದು ಕಳೆ ಕೀಳುವ ಕೂಲಿ. ಗಂಡಾಳಿಗೆ ಒಂದು ದರ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ. ಪಡದ ಬದುವಿನವರೆಗೆ ಅದು ಇನ್ನೂ ನಡೆದು ಬಂದಿಲ್ಲ. ಥಿನ್ನಿಂಗ್, ಡಿಪ್ಪಿಂಗ್, ಪ್ಯಾಕಿಂಗ್ ಮೂರೂ ಹೆಣ್ಣುಮಕ್ಕಳ ಕೈಯಲ್ಲೇ ಇವೆ. ಹಣ್ಣಿನ ದರ ನಿಂತಿರುವುದು ಆ ಮೂರರ ಮೇಲೆ. ಆದರೂ ಅವರನ್ನು 'ನುರಿತ ಕೆಲಸಗಾರರು' ಎಂದು ಯಾರೂ ಕರೆಯುವುದಿಲ್ಲ. ಇದು ಬದಲಾಗುವುದು ಕಷ್ಟವೇನಲ್ಲ. ಹತ್ತು ಹನ್ನೆರಡು ಜನ ಹೆಣ್ಣುಮಕ್ಕಳು ಸೇರಿ ತಮ್ಮದೇ ಗ್ಯಾಂಗ್ ಮಾಡಿಕೊಂಡು, ದಿನಗೂಲಿ ಬಿಟ್ಟು ಬಳ್ಳಿ ಲೆಕ್ಕದಲ್ಲಿ ಗುತ್ತಿಗೆ ಹಿಡಿದ ಊರುಗಳನ್ನು ನಾನು ನೋಡಿದ್ದೇನೆ. ಲೆಕ್ಕ ಬರೆಯಲು, ಮಾಲೀಕನ ಜೊತೆ ದರ ಮಾತಾಡಲು, ಮುಂದಿನ ವಾರ ಯಾರ ಪಡ ಎಂದು ಹೊಂದಿಸಲು ಓದಿದ ಒಬ್ಬರು ಬೇಕಾಗುತ್ತದೆ. ನಿಮ್ಮ ಮನೆಯಲ್ಲೇ ಅಂಥವರು ಇದ್ದಾರಲ್ವಾ?

ಅವ್ವನಿಗೆ ಇನ್ನೊಂದು ಮಾತು ತಪ್ಪದೆ ಹೇಳಿ. ಅಕ್ಟೋಬರ್ ಚಾಟ್ನಿ ಆದ ಕೂಡಲೇ ಕಡ್ಡಿಯ ಕಣ್ಣು, ಅಂದರೆ ಚಿಗುರು ಮೊಗ್ಗು, ಒಂದೇ ಸಮ ಒಡೆಯಲಿ ಅಂತ ಹಚ್ಚುವ ಪೇಸ್ಟ್ ಇದೆಯಲ್ಲ, ಅದು ಹೈಡ್ರೋಜನ್ ಸಯನಮೈಡ್. ಬಟ್ಟೆ ಸುತ್ತಿದ ಕೈಯಿಂದಲೋ ಸ್ಪಂಜಿನಿಂದಲೋ ಕಡ್ಡಿಯ ಕಣ್ಣಿಗೆ ಹಚ್ಚುತ್ತಾರೆ. ಬರಿಗೈಗೆ ತಾಗಿದರೆ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಬಹಳ ಅಪಾಯ. ರಬ್ಬರ್ ಕೈಗವಸು, ಉದ್ದ ತೋಳಿನ ಅಂಗಿ, ಕನ್ನಡಕ ಇಲ್ಲದೆ ಮುಟ್ಟಬಾರದು. ಗಂಡಸರಿಗೆ ಹೇಳಬೇಕಾದ್ದು ಇನ್ನೂ ಒಂದಿದೆ. ಈ ಔಷಧಿ ಮೈಯಲ್ಲಿ ಇರುವಾಗ ಸೆರೆ ಕುಡಿದರೆ ದೇಹಕ್ಕೆ ಅದನ್ನು ಕರಗಿಸಲು ಆಗುವುದಿಲ್ಲ. ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಉಸಿರು ಕಟ್ಟಿ ಆಸ್ಪತ್ರೆ ಸೇರುವ ಹಾಗಾಗುತ್ತದೆ. ಹಿಂದಿನ ದಿನವೂ ಕುಡಿಯಬಾರದು, ಅಂದೂ ಕುಡಿಯಬಾರದು, ಆಮೇಲೆ ಕೆಲವು ದಿನವೂ ಬೇಡ. ಇದು ಡಬ್ಬಿಯ ಮೇಲೆ ಬರೆದಿರುತ್ತದೆ. ಆದರೆ ಡಬ್ಬಿ ನೋಡುವವನು ಮಾಲೀಕ, ಪೇಸ್ಟ್ ಹಚ್ಚುವವರು ಬೇರೆ. ಹೊರಗಿನಿಂದ ಬಂದ ಹುಡುಗರಿಗಂತೂ ಆ ಭಾಷೆಯೇ ಬರುವುದಿಲ್ಲ.

ಅಣ್ಣನ ವಿಷಯ. ಕಾರ್ಖಾನೆಗಳು ಕಬ್ಬು ನುರಿಸುವುದು ದೀಪಾವಳಿಯ ಆಚೀಚೆ ಶುರುವಾಗಿ ಮಾರ್ಚ್ ತನಕ. ದ್ರಾಕ್ಷಿಯ ಭರದ ಹಂಗಾಮೂ ಅದೇ. ಅಂದರೆ ಊರಲ್ಲಿ ಕೆಲಸ ಇರುವ ಐದು ತಿಂಗಳೇ ಅಣ್ಣ ಊರಲ್ಲಿ ಇರುವುದಿಲ್ಲ. ವಾಪಸು ಬಂದಾಗ ಊರಲ್ಲಿ ಕೆಲಸ ಇರುವುದಿಲ್ಲ. ಇದು ಅವನ ತಪ್ಪಲ್ಲ. ಕಬ್ಬಿನ ಗ್ಯಾಂಗ್ ಕೂಡಿಸುವ ಮುಕಾದಮ ಮಳೆಗಾಲದಲ್ಲೇ ಉಚಲ, ಅಂದರೆ ಮುಂಗಡ, ಕೊಡುತ್ತಾನೆ. ಮನೆಯಲ್ಲಿ ಮದುವೆ ಇರುತ್ತದೆ, ಆಸ್ಪತ್ರೆ ಇರುತ್ತದೆ, ಬೀಜ ಗೊಬ್ಬರ ಇರುತ್ತದೆ. ಜೂನ್-ಜುಲೈನಲ್ಲಿ ಕೈಗೆ ದುಡ್ಡು ಕೊಡುವವನ ಹಿಂದೆ ಜನ ಹೋಗುತ್ತಾರೆ. ಪಡದ ಮಾಲೀಕ ಅಷ್ಟು ಮೊದಲೇ ದುಡ್ಡು ಕೊಡಲಾರ, ಅವನೇ ಆಗ ಸಾಲದಲ್ಲಿ ಇರುತ್ತಾನೆ. ಹಾಗಾಗಿ ಅಣ್ಣನನ್ನು ಊರಲ್ಲಿ ಉಳಿಸುವ ಪ್ರಶ್ನೆಗೆ ಉತ್ತರ ಇರುವುದು ಉಚಲದಲ್ಲಿ. ದಾಳಿಂಬೆಯ ಗಿಡದಲ್ಲಿ ಅದು ಸಿಗುವುದಿಲ್ಲ. ಒಂದು ವರ್ಷ ಉಚಲ ತಗೊಳ್ಳದೆ ಮಳೆಗಾಲ ದಾಟುವ ಶಕ್ತಿ ಮನೆಗೆ ಬರಬೇಕು. ಸ್ವಸಹಾಯ ಸಂಘದ ಸಾಲದಿಂದಲೋ, ಒಂದಿಷ್ಟು ಕುರಿ ಮಾರಿಯೋ ಅದನ್ನು ಹೊಂದಿಸಿದವರಿದ್ದಾರೆ. ಮಾಡಗ್ಯಾಳ ಕುರಿಯ ಸೀಮೆ ನಮ್ಮದು, ಅದರ ಬೆಲೆ ನಿಮಗೆ ನಾನು ಹೇಳಬೇಕಾಗಿಲ್ಲ. ಕುರಿ ಗೊಬ್ಬರಕ್ಕೂ ಪಡದವರು ದುಡ್ಡು ಕೊಡುತ್ತಾರೆ.

ಇನ್ನು ದಾಳಿಂಬೆ. ನೇರವಾಗಿ ಹೇಳುತ್ತೇನೆ: ಈ ವರ್ಷ ಬೇಡ.

ಗಿಡದ ಮೇಲೆ ನನಗೆ ಸಿಟ್ಟಿಲ್ಲ. ಸೋಲಾಪುರ ದಾಳಿಂಬೆಗೆ 2016ರಲ್ಲಿ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ. ಸೋಲಾಪುರದಲ್ಲೇ 2005ರಿಂದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಇದೆ, ನೀವು ಒಂದೇ ದಿನದಲ್ಲಿ ಹೋಗಿ ಬರಬಹುದು. ಭಗವಾ ತಳಿಯ ಕೆಂಪು ಕಾಳಿಗೆ ಎಲ್ಲ ಪೇಟೆಯಲ್ಲೂ ಬೇಡಿಕೆ ಇದೆ. ಆದರೆ ತೇಲ್ಯಾ ರೋಗ ಬಂದರೆ ಕಣ್ಣೆದುರೇ ತೋಟ ಹೋಗುತ್ತದೆ. ಎಲೆಯ ಮೇಲೆ ಎಣ್ಣೆ ಹಚ್ಚಿದಂಥ ಚುಕ್ಕೆ, ಕಾಯಿ ಮೇಲೆ ಕಪ್ಪು ಕಲೆ, ಆಮೇಲೆ ಕಾಯಿ ಇಂಗ್ಲಿಷ್ ವೈ ಅಕ್ಷರದ ಹಾಗೆ ಸೀಳುತ್ತದೆ. ಅದು ದುಂಡಾಣು ರೋಗ. ಮಳೆ ಹನಿಯ ಜೊತೆ ಹರಡುತ್ತದೆ, ಕತ್ತರಿಯ ಜೊತೆಯೂ ಹರಡುತ್ತದೆ. ಒಂದು ಗಿಡ ಕತ್ತರಿಸಿದ ಮೇಲೆ ಕತ್ತರಿಯನ್ನು ಸೋಡಿಯಂ ಹೈಪೊಕ್ಲೋರೈಟ್ ನೀರಲ್ಲಿ ಅದ್ದಿಯೇ ಮುಂದಿನ ಗಿಡ ಮುಟ್ಟಬೇಕು. ಇದನ್ನು ಕಟ್ಟುನಿಟ್ಟಾಗಿ ಮಾಡುವ ಗ್ಯಾಂಗ್ ಊರಲ್ಲಿ ಇದೆಯಾ ಎಂದು ಮೊದಲು ಕೇಳಿ. ಇದರ ಮೇಲೆ ಸೊರಗು ರೋಗ, ಕಾಂಡ ಕೊರೆಯುವ ಸಣ್ಣ ದುಂಬಿ. ಸಾಂಗೋಲಾ ಕಡೆ ದಾಳಿಂಬೆಯಿಂದ ಮನೆ ಕಟ್ಟಿದ ಜನ ಅದೇ ದಾಳಿಂಬೆಯನ್ನು ಬೇರು ಸಹಿತ ಕಿತ್ತು ಹಾಕಿದ್ದು ಈಚಿನ ವರ್ಷಗಳಲ್ಲೇ. ಮೇ ತಿಂಗಳಲ್ಲಿ ನಿಮ್ಮ ಬೋರ್‌ವೆಲ್ ಎಷ್ಟು ತಾಸು ನೀರು ಕೊಡುತ್ತದೆ ಎಂದು ನೀವು ಬರೆದಿಲ್ಲ. ಈಗಿರುವ ಒಂದು ಎಕರೆ ದ್ರಾಕ್ಷಿಗೇ ಬೇಸಿಗೆಯಲ್ಲಿ ಟ್ಯಾಂಕರ್ ಬೇಕಾಗುತ್ತಿದ್ದರೆ ಇನ್ನೊಂದು ಎಕರೆಯ ಮಾತೇ ಬೇಡ. ಮ್ಹೈಸಾಳ ಏತ ನೀರಾವರಿಯ ನೀರು ನಿಮ್ಮ ಊರಿನ ಕೆರೆಗೆ ಬಂದು, ಎರಡು ಬೇಸಿಗೆ ನಿಂತದ್ದನ್ನು ನೋಡಿ ಆಮೇಲೆ ಯೋಚಿಸಿ. ಒಣ ಹೊಲದ ಬದುವಿಗೆ ಏನಾದರೂ ಹಚ್ಚಲೇಬೇಕೆಂದರೆ ಸೀತಾಫಲ ಹಚ್ಚಿ. ಬರ ತಡೆಯುತ್ತದೆ, ಆಡು ಕುರಿ ಅದರ ಎಲೆಗೆ ಬಾಯಿ ಹಾಕುವುದಿಲ್ಲ.

ಹಾಗಾದರೆ ವರ್ಷದ ಕೆಲಸ ಎಲ್ಲಿದೆ? ಬಹಳಷ್ಟು ಪಡದ ಹೊರಗೆ, ಹಣ್ಣು ಬಳ್ಳಿಯಿಂದ ಇಳಿದ ಮೇಲೆ ಇದೆ.

ಬೇದಾಣೆ, ಅಂದರೆ ಒಣದ್ರಾಕ್ಷಿ, ಮಾಡುವ ಶೆಡ್ ನೋಡಿ. ಹಸಿ ದ್ರಾಕ್ಷಿ ನಾಲ್ಕು ದಿನ ಕಾಯುವುದಿಲ್ಲ. ಬೇದಾಣೆಯಾದರೆ ಕೋಲ್ಡ್ ಸ್ಟೋರೇಜಿನಲ್ಲಿ ತಿಂಗಳುಗಟ್ಟಲೆ ಕಾಯುತ್ತದೆ. ಗಣಪತಿ, ದೀಪಾವಳಿ, ರಂಜಾನ್ ಯಾವುದು ಬರುತ್ತದೋ ಅದಕ್ಕೆ ಮಾರಬಹುದು. ಸುಮಾರು ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಬೇದಾಣೆ. ಸಾಂಗ್ಲಿ ಬೇದಾಣೆಗೂ ಭೌಗೋಳಿಕ ಗುರುತು ಇದೆ. ತಾಸಗಾಂವ ಮತ್ತು ಸಾಂಗ್ಲಿಯ ಪೇಟೆಗೆ ವಿಜಯಪುರದ ಕಡೆಯಿಂದಲೂ ಮಾಲು ಬರುತ್ತದೆ. ಮಳೆ ಕಡಿಮೆ, ಗಾಳಿ ಒಣ, ಬಿಸಿಲು ಜಾಸ್ತಿ ಎಂದು ನಾವು ಬೈಯುವ ನಮ್ಮ ಹವೆಯೇ ಇಲ್ಲಿ ಬಂಡವಾಳ.

ಶೆಡ್ಡಿನ ಕೆಲಸ ಹತ್ತಿರದಿಂದ ಹೇಳುತ್ತೇನೆ, ಯಾಕೆಂದರೆ ನಿಮಗೆ ಇದು ಬೇಕಾಗುತ್ತದೆ. ಹಣ್ಣಿನ ಸಿಹಿ 22 ಬ್ರಿಕ್ಸ್ ದಾಟಿದ ಮೇಲೆ ಕೊಯ್ಯಬೇಕು. ಕಡಿಮೆ ಸಿಹಿಯಲ್ಲಿ ಕೊಯ್ದರೆ ತೂಕ ಸಿಗುವುದಿಲ್ಲ. 100 ಲೀಟರ್ ನೀರಿಗೆ ಸುಮಾರು ಎರಡೂವರೆ ಕಿಲೋ ಪೊಟ್ಯಾಶಿಯಂ ಕಾರ್ಬೊನೇಟ್, ಒಂದೂವರೆ ಲೀಟರ್ ಡಿಪ್ಪಿಂಗ್ ಆಯಿಲ್, ಅಂದರೆ ಈಥೈಲ್ ಓಲಿಯೇಟ್. ಕ್ರೇಟ್ ಸಮೇತ ಹಣ್ಣನ್ನು ಅದರಲ್ಲಿ ಎರಡು ಮೂರು ನಿಮಿಷ ಅದ್ದುತ್ತಾರೆ. ಸಿಪ್ಪೆಯ ಮೇಲಿನ ಮೇಣ ಸಡಿಲವಾಗಿ ಒಳಗಿನ ನೀರು ಬೇಗ ಹೊರಗೆ ಬರಲಿ ಅಂತ. ಆಮೇಲೆ ಶೆಡ್ಡಿನ ಉದ್ದಕ್ಕೂ ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಯ ಮೇಲೆ ಹರವುತ್ತಾರೆ. ಬಿಸಿಲು ನೇರ ಬೀಳಬಾರದು, ಗಾಳಿ ಆಡಬೇಕು. ಹದಿಮೂರು ಹದಿನಾಲ್ಕು ದಿನಕ್ಕೆ ಕಾಳು ಮುದುರುತ್ತದೆ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಅಂಟದೆ ಬಿಡಿ ಬಿಡಿಯಾಗಿ ಉದುರಬೇಕು. ಆಗ ಜಾಡಿಸಿ ಕೆಳಗಿಳಿಸುತ್ತಾರೆ. ಈ ಹದಿನಾಲ್ಕು ದಿನದೊಳಗೆ ಒಂದು ಮಳೆ ಬಿದ್ದರೆ ಹಸಿರು ಬೇದಾಣೆ ಕಪ್ಪಾಗುತ್ತದೆ. ಮಾಲು ಅದೇ, ಶ್ರಮ ಅದೇ, ದರ ಮಾತ್ರ ನೆಲಕ್ಕೆ. ಮಾರ್ಚ್ ತಿಂಗಳಲ್ಲಿ ಸಂಜೆ ಮೋಡ ಕಟ್ಟಿದರೆ ಶೆಡ್ಡಿನವರು ಊಟ ಬಿಟ್ಟು ಮೇಲೆ ನೋಡುತ್ತಾ ನಿಲ್ಲುವುದನ್ನು ನೀವೂ ಕಂಡಿರುತ್ತೀರಿ.

ಇಲ್ಲಿಯವರೆಗಿನದು ಮತ್ತೆ ಎರಡು ತಿಂಗಳ ಕೆಲಸವೇ. ಇದರ ಮುಂದಿನದು ಬೇರೆ. ತೊಟ್ಟು ಬಿಡಿಸುವುದು, ಗಾತ್ರ ಮತ್ತು ಬಣ್ಣ ನೋಡಿ ಆರಿಸುವುದು, ಗಂಧಕದ ಹೊಗೆ ಕೊಡುವುದು, 15 ಕಿಲೋ ಬಾಕ್ಸು ತುಂಬುವುದು, ಸ್ಟೋರೇಜಿನಿಂದ ತೆಗೆದು ಮತ್ತೆ ಆರಿಸಿ ಸಣ್ಣ ಪೊಟ್ಟಣ ಕಟ್ಟುವುದು. ಮಾಲು ಸ್ಟೋರೇಜಿನಲ್ಲಿ ಇರುವಷ್ಟು ಕಾಲವೂ ಈ ಕೆಲಸ ಇರುತ್ತದೆ, ಅಂದರೆ ಜುಲೈ, ಆಗಸ್ಟಿನಲ್ಲೂ. ಈಗ ಇದರಲ್ಲಿ ಬಹುಪಾಲು ಪೇಟೆಯ ಊರುಗಳಲ್ಲೇ ನಡೆಯುತ್ತದೆ. ಜತ್ತದ ಪೂರ್ವ ಭಾಗದ ಹಳ್ಳಿಗಳು ಹಣ್ಣು ಒಣಗಿಸಿ ಲಾರಿ ಹತ್ತಿಸಿ ಕೈ ತೊಳೆದುಕೊಳ್ಳುತ್ತವೆ. ಆರಿಸುವ ಕೆಲಸವನ್ನಾದರೂ ಊರಲ್ಲಿ ಉಳಿಸಿಕೊಂಡರೆ ನಿಮ್ಮ ಅವ್ವನ ಗ್ಯಾಂಗಿಗೆ ಮಳೆಗಾಲದ ಕೂಲಿ ಹುಟ್ಟುತ್ತದೆ. ಒಂದು ಷರತ್ತು ಮಾತ್ರ: ಗಂಧಕದ ಕೋಣೆಯನ್ನು ಕೂತು ಆರಿಸುವ ಜಾಗದಿಂದ ದೂರ ಕಟ್ಟಬೇಕು. ಆ ಹೊಗೆಯಲ್ಲಿ ಕೆಮ್ಮುತ್ತಾ, ಸೆರಗಿನಿಂದ ಮೂಗು ಮುಚ್ಚಿಕೊಂಡು ಕೂತ ಹೆಣ್ಣುಮಕ್ಕಳನ್ನು ನೋಡಿದ್ದೇನೆ. ಅಂಥ ಉದ್ಯೋಗ ಊರಿಗೆ ಬೇಡ.

ಇದಕ್ಕೆ ದುಡ್ಡು ಎಲ್ಲಿಂದ ಎಂದು ಕೇಳುತ್ತೀರಿ. ಸಣ್ಣ ಆಹಾರ ಸಂಸ್ಕರಣೆ ಘಟಕಗಳಿಗಾಗಿ ಕೇಂದ್ರದ ಪಿಎಂಎಫ್‌ಎಂಇ ಯೋಜನೆ 2020ರಲ್ಲಿ ಬಂತು. ಖರ್ಚಿನ ಶೇಕಡಾ 35, ಹೆಚ್ಚೆಂದರೆ 10 ಲಕ್ಷ ರೂಪಾಯಿ ಸಹಾಯಧನ. ಕೃಷಿ ಓದಿದವರಿಗೆ ಅಗ್ರಿ ಕ್ಲಿನಿಕ್ ಯೋಜನೆ 2002ರಿಂದ ಇದೆ. 45 ದಿನದ ಉಚಿತ ತರಬೇತಿ, ಆಮೇಲೆ ಬ್ಯಾಂಕ್ ಸಾಲ. ಸಹಾಯಧನ ಸಾಮಾನ್ಯರಿಗೆ ಶೇಕಡಾ 36 ಇದ್ದರೆ ಮಹಿಳೆಯರಿಗೆ ಶೇಕಡಾ 44. ಡಿಪ್ಲೊಮಾದವರೂ ಅರ್ಹರು. ಅರ್ಜಿ ಹಾಕುವ ಮೊದಲು ಆ ವರ್ಷ ಯೋಜನೆ ಚಾಲ್ತಿಯಲ್ಲಿ ಇದೆಯಾ, ಹಣ ಬಾಕಿ ಇದೆಯಾ ಎಂದು ತಾಲ್ಲೂಕು ಕೃಷಿ ಕಚೇರಿಯಲ್ಲಿ ಕೇಳಿಕೊಳ್ಳಿ. ಸಾಲ ಕೊಡುವುದು ಬ್ಯಾಂಕು, ಸಹಾಯಧನದ ಆಸೆಗೆ ಸಾಲ ಮಾಡಬೇಡಿ.

ಈಗ ನಿಮ್ಮ ಪುಣೆಯ ಮಾತಿಗೆ ಬರುತ್ತೇನೆ. ನಿಮ್ಮನ್ನು ತಂಗಿ ಎಂದು ತಿಳಿದು ಹೇಳುತ್ತೇನೆ. ನಿಮ್ಮಲ್ಲಿ ಇರುವ ಒಂದು ಗುಣಕ್ಕೆ ಪುಣೆಯಲ್ಲಿ ಬೆಲೆ ಇಲ್ಲ, ಇಲ್ಲಿ ಬಹಳ ಬೆಲೆ ಇದೆ. ನಿಮಗೆ ಎರಡು ಭಾಷೆ ಬರುತ್ತದೆ.

ನಮ್ಮ ಊರುಗಳಲ್ಲಿ ಮನೆ ಮಾತು ಕನ್ನಡ. ಹೊಲದ ಪಹಣಿಯಾದ ಸಾತಬಾರಾ ಉತಾರ ಮರಾಠಿ, ಊರಿನ ತಲಾಠಿಯ ಕಾಗದ ಮರಾಠಿ, ಯೋಜನೆಯ ಅರ್ಜಿ ಮರಾಠಿ, ಬೆಳೆ ವಿಮೆಯ ನಿಯಮ ಮರಾಠಿ. ಕನ್ನಡ ಶಾಲೆಯಲ್ಲಿ ಓದಿದ ಐವತ್ತು ವರ್ಷದ ರೈತ ಸಹಿ ಎಲ್ಲಿ ಹಾಕಬೇಕು ಎಂದು ಕೇಳುತ್ತಾ ನಿಲ್ಲುತ್ತಾನೆ. ಗಡಿಯ ಆಚೆ ತಿಕೋಟಾ, ಅಥಣಿಯ ರೈತನಿಗೆ ಮಾಲು ಮಾರಲು ಬರಬೇಕಾದ ಪೇಟೆ ತಾಸಗಾಂವ. ಅಲ್ಲಿ ವ್ಯಾಪಾರದ ಭಾಷೆ ಮರಾಠಿ. ಎರಡೂ ಕಡೆ ಮಾತಾಡಬಲ್ಲ, ಬೆಳೆಯೂ ಗೊತ್ತಿರುವ ಒಬ್ಬರು ನಡುವೆ ನಿಂತರೆ ಅದು ನಿಜವಾದ ಉದ್ಯೋಗ.

ಹೇಗೆ ಎಂದು ಒಂದು ಉದಾಹರಣೆ ಕೊಡುತ್ತೇನೆ. 2003ರಲ್ಲಿ ಯುರೋಪಿಗೆ ಹೋದ ನಮ್ಮ ದ್ರಾಕ್ಷಿಯಲ್ಲಿ ಔಷಧಿಯ ಉಳಿಕೆ ಸಿಕ್ಕಿ ದೊಡ್ಡ ಪೆಟ್ಟು ಬಿತ್ತು. ಆಮೇಲೆ ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಅಪೇಡಾ ಗ್ರೇಪ್‌ನೆಟ್ ಶುರು ಮಾಡಿತು. ಯಾವ ಬಾಕ್ಸು ಯಾವ ಪಡದ್ದು ಎಂದು ಹಿಂದಕ್ಕೆ ಹುಡುಕಿಕೊಂಡು ಹೋಗುವ ವ್ಯವಸ್ಥೆ ಅದು. 2010ರಲ್ಲಿ ಮತ್ತೆ ಸಿಸಿಸಿ, ಅಂದರೆ ಬಳ್ಳಿಯ ಬೆಳವಣಿಗೆ ತಡೆಯುವ ಕ್ಲೋರ್‌ಮೆಕ್ವಾಟ್ ಉಳಿಕೆಯಿಂದ ಮಾಲು ಅಲ್ಲೇ ಸಿಕ್ಕಿಕೊಂಡಿತು. ಎರಡೂ ಸಲ ನೋವು ಅನುಭವಿಸಿದ್ದು ರೈತ. ಅಂದಿನಿಂದ ಯಾವ ದಿನ, ಯಾವ ಔಷಧಿ, ಎಷ್ಟು ಪ್ರಮಾಣ, ಕೊಯ್ಲಿಗೆ ಎಷ್ಟು ದಿನ ಮೊದಲು ಎಂದು ಬರೆದಿಡುವ ದಾಖಲೆ ಇಲ್ಲದೆ ರಫ್ತು ಆಗುವುದಿಲ್ಲ. ಇಲ್ಲಿ ಬಿಕರಿ ಮಾಡುವವರೂ ಈಗ ಇದನ್ನು ಕೇಳಲು ಶುರು ಮಾಡಿದ್ದಾರೆ. ನಮ್ಮ ಬಹಳ ರೈತರಿಗೆ ಈ ದಾಖಲೆ ಬರೆದುಕೊಡುವುದು ಔಷಧಿ ಅಂಗಡಿಯವನು. ಔಷಧಿ ಮಾರುವವನೇ ಸಲಹೆ ಕೊಟ್ಟು, ಅವನೇ ಲೆಕ್ಕ ಬರೆದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕೇ? ಹತ್ತು ಪೈಸೆಯ ಔಷಧಿಯನ್ನೂ ಮಾರದೆ, ಮಣ್ಣು, ನೀರು, ಎಲೆ ತೊಟ್ಟಿನ ಪರೀಕ್ಷೆ ಮಾಡಿಸಿ, ಸಿಂಪಡಣೆಯ ದಾಖಲೆ ಬರೆದು, ಎಕರೆಗೆ ಇಷ್ಟು ಎಂದು ವರ್ಷದ ಶುಲ್ಕ ಪಡೆಯುವವರು ಊರಿಗೊಬ್ಬರು ಬೇಕು. ಇಪ್ಪತ್ತು ಎಕರೆಯಿಂದ ಶುರು ಮಾಡಿ. ಮೊದಲ ವರ್ಷ ಸಂಪಾದನೆ ಕಡಿಮೆಯೇ ಇರುತ್ತದೆ. ಎರಡನೇ ವರ್ಷ ನಿಮ್ಮ ಪಡದವರ ದಾವಣಿ (ಬೂಜು) ರೋಗದ ಖರ್ಚು ಕಡಿಮೆಯಾಗಿದ್ದು ಕಂಡರೆ ಪಕ್ಕದ ಪಡದವನೇ ಬರುತ್ತಾನೆ.

ಓದಿದವರಿಗಷ್ಟೇ ಇದು ಸಾಧ್ಯ ಎಂದು ತಿಳಿಯಬೇಡಿ. ನಮ್ಮ ದ್ರಾಕ್ಷಿಯ ತಳಿಗಳ ಕಥೆ ನೋಡಿ. ತಾಸ-ಎ-ಗಣೇಶ ತಳಿಯನ್ನು ಥಾಮ್ಸನ್ ಬಳ್ಳಿಗಳ ನಡುವಿನಿಂದ ಆರಿಸಿದವರು ತಾಸಗಾಂವ ತಾಲ್ಲೂಕಿನ ರೈತ ವಸಂತರಾವ ಆರ್ವೆ. ಸೋನಾಕಾ, ಶರದ್ ಸೀಡ್‌ಲೆಸ್ ಕೊಟ್ಟವರು ಸೋಲಾಪುರ ಹತ್ತಿರದ ನಾನ್ನಜದ ರೈತ ನಾನಾಸಾಹೇಬ ಕಾಳೆ. ಪಡದಲ್ಲಿ ದಿನಾ ಓಡಾಡುವಾಗ ಒಂದು ಕಡ್ಡಿಯ ಕಾಯಿ ಉಳಿದವಕ್ಕಿಂತ ಬೇರೆ ಇದೆ ಎಂದು ಗುರುತಿಸಿದ ಕಣ್ಣು ಅವರದು. ಒಂದೊಂದು ತಳಿಯ ಹಿಂದೆ ನರ್ಸರಿ, ಕಸಿ ಕಟ್ಟುವವರು, ಬಳ್ಳಿ ಹಚ್ಚುವವರು ಎಷ್ಟು ಮನೆಗಳಿಗೆ ಅನ್ನ ಆಯಿತು ಯೋಚಿಸಿ. ಕಸಿ ಕಟ್ಟುವುದು ಇವತ್ತಿಗೂ ಒಳ್ಳೆಯ ಕೈಕಸುಬು. ನಮ್ಮ ಸವಳು ನೀರಿಗೆ ಡಾಗ್‌ರಿಡ್ಜ್ ಬೇರಿನ ಮೇಲೆ ಕಸಿ ಕಟ್ಟಿದ ಬಳ್ಳಿಯೇ ತಾಳುತ್ತದೆ. ಅಣ್ಣನಿಗೆ ಕೈಯಲ್ಲಿ ಹದ ಇದ್ದರೆ ಇದನ್ನು ಕಲಿಯಲಿ. ಕಬ್ಬು ಕಡಿಯುವ ಕೋಯ್ತಾ ಹಿಡಿದ ಕೈಗೆ ಕಸಿ ಚಾಕು ಕಷ್ಟವಲ್ಲ.

ಒಂದು ಎಚ್ಚರಿಕೆ ಹೇಳದೆ ಮುಗಿಸಲಾರೆ. ಕೆಲವು ವರ್ಷದ ಹಿಂದೆ ನಾನೇ ಸಲಹೆ ಕೊಟ್ಟ ಆರು ಪಡಗಳ ಮಾಲನ್ನು ಒಬ್ಬ ವ್ಯಾಪಾರಿ ಕೊಂಡ. ಮೊದಲ ಎರಡು ಲಾರಿಗೆ ಕೈಮೇಲೆ ರೊಕ್ಕ ಎಣಿಸಿದ. ಮೂರನೆಯದಕ್ಕೆ ಚೆಕ್ ಕೊಟ್ಟ. ಉಳಿದದ್ದಕ್ಕೆ 'ಸೋಮವಾರ' ಎಂದ. ಸೋಮವಾರ ಅವನ ಫೋನ್ ಬಂದ್. ಆ ಆರು ಮನೆಯವರು ಕೂಲಿ ಬಾಕಿ ಕೊಡಲು ಬಂಗಾರ ಅಡ ಇಟ್ಟರು. ಎರಡು ಮನೆಯವರಿಗೆ ಅದೂ ಆಗಲಿಲ್ಲ, ಹೆಣ್ಣಾಳುಗಳ ಮೂರು ವಾರದ ಕೂಲಿ ಹಾಗೇ ಹೋಯಿತು. ಬೆಳೆ ಹಾಳಾದರೆ ಮಾಲೀಕನಿಗೆ ಹವಾಮಾನ ಆಧಾರಿತ ವಿಮೆಯಾದರೂ ಇದೆ. ಕೂಲಿಯವರಿಗೆ ಯಾವ ವಿಮೆಯೂ ಇಲ್ಲ. ಅಂದಿನಿಂದ ನಾನು ಹೇಳುವುದು ಒಂದೇ: ಲಾರಿಗೆ ಹಗ್ಗ ಕಟ್ಟುವ ಮೊದಲು ದುಡ್ಡು ಖಾತೆಗೆ ಬರಲಿ. ದರ ಎರಡು ರೂಪಾಯಿ ಕಡಿಮೆಯಾದರೂ ಚಿಂತೆ ಇಲ್ಲ. ಬೇದಾಣೆಯಾದರೆ ಬಾಕ್ಸಿನ ಸಂಖ್ಯೆ, ತೂಕ ಬರೆದ ಸ್ಟೋರೇಜಿನ ರಸೀದಿ ಮನೆಯಲ್ಲಿ ಇರಲಿ. ರೈತ ತಾನು ಬೆಳೆದ ಬೇದಾಣೆ ಮಾರಿದರೆ ಅದಕ್ಕೆ ಜಿಎಸ್‌ಟಿ ಇಲ್ಲ ಎಂದು 2024ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಸ್ಪಷ್ಟ ಮಾಡಿದೆ. ಆ ಹೆಸರಲ್ಲಿ ಯಾರಾದರೂ ರೊಕ್ಕ ಮುರಿದರೆ ಕೇಳಿ.

ಈ ಹಂಗಾಮಿಗೆ ಇಷ್ಟು ಮಾಡಿ. ಅಕ್ಟೋಬರ್ ಚಾಟ್ನಿಗೆ ಮೊದಲು ನಿಮ್ಮ ಒಂದು ಎಕರೆಯ ಮಣ್ಣು ಮತ್ತು ಬೋರಿನ ನೀರು ಪರೀಕ್ಷೆಗೆ ಕೊಡಿ. ಚಾಟ್ನಿ ದಿನದಿಂದ ಪ್ರತಿ ಸಿಂಪಡಣೆಯನ್ನೂ ಒಂದು ವಹಿಯಲ್ಲಿ ಬರೆಯಿರಿ, ಕನ್ನಡದಲ್ಲಿ ಒಂದು, ಮರಾಠಿಯಲ್ಲಿ ಒಂದು. ಹೂವು ಪೂರ್ತಿ ಅರಳಿದಾಗ ಗೊಂಚಲಿನ ಎದುರಿಗೆ ಇರುವ ಎಲೆಯ ತೊಟ್ಟುಗಳನ್ನು ಪಡದ ಎಲ್ಲ ಕಡೆಯಿಂದ ಬೆಳಿಗ್ಗೆಯೇ ಆರಿಸಿ, ಎಲೆ ಕಿತ್ತು ತೊಟ್ಟು ಮಾತ್ರ ಕಾಗದದ ಚೀಲದಲ್ಲಿ ಹಾಕಿ. ಪ್ಲಾಸ್ಟಿಕ್ ಚೀಲ ಬೇಡ, ಬೆವರಿ ಕೊಳೆಯುತ್ತದೆ. ವರದಿ ಬಂದ ಮೇಲೆ ಬರೆಯಿರಿ, ಅದನ್ನು ಓದುವುದು ಹೇಗೆ ಎಂದು ಮುಂದಿನ ಸಲ ಹೇಳಿಕೊಡುತ್ತೇನೆ. ಅವ್ವನ ಕೈಗವಸಿನ ಅಳತೆ ಮಾತ್ರ ಇವತ್ತೇ ನೋಡಿಕೊಳ್ಳಿ. ದೊಡ್ಡದಾದರೆ ಅವರು ಅದನ್ನು ತೆಗೆದಿಟ್ಟೇ ಕೆಲಸ ಮಾಡುತ್ತಾರೆ.